ಕದ್ರಾ ನೆರೆಯಲ್ಲಿ ನಮ್ಮನ್ನ ನೋಡ್ಕೊಂಡ ನರ್ಸಕ್ಕನಿಗೆ

2021ರ ಜುಲೈಲಿ ಕಾರವಾರ ಕಡೆಯ ಕದ್ರಾ ಡ್ಯಾಮಿಂದ ನೀರು ಬಿಟ್ಟು ಕಾಳಿ ನದಿ ಉಕ್ಕಿ ಬಂದಾಗ ಶಾಲೆಲಿ ಮಾಡಿದ್ದ ಕಾಳಜಿ ಕೇಂದ್ರದಲ್ಲಿ ಡ್ಯೂಟಿಗಿದ್ದ ನರ್ಸಕ್ಕ, ಆ ಗಡಿಬಿಡಿಲಿ ನಿಮ್ಮ ಹೆಸರು ಕೇಳ್ಲಿಕ್ಕೂ ಆಗ್ಲಿಲ್ಲ, ಅದ್ಕೇ ಇಲ್ಲಿ ಬರೀತಿದ್ದೇನೆ.

ನಮ್ಮ ಆಯಿಗೆ ಶುಗರ್, ಇನ್ಸುಲಿನ್ ಬೇಕೇ ಬೇಕು. ಕರೆಂಟೇ ಇಲ್ಲ, ಇನ್ನು ಫ್ರಿಜ್ ಎಲ್ಲಿಂದ. ನೀವು ಎಲ್ಲಿಂದ್ಲೋ ಒಂದು ಮಣ್ಣಿನ ಮಡಕೆ ತಂದು, ಬಾಟ್ಲಿನ ಪ್ಲಾಸ್ಟಿಕಲ್ಲಿ ಸುತ್ತಿ ಒಳಗಿಟ್ಟು, ಹೊರಗೆ ಒದ್ದೆ ಬಟ್ಟೆ ಹೊದಿಸಿ 'ಒಲೆ ಹತ್ರ ಮಾತ್ರ ಇಡ್ಬೇಡಿ ಆಯಿ' ಅಂದ್ರಿ.

ನೀರು ಇಳಿದ ಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡದು ಅಂತ ನನ್ನ ಲೆಕ್ಕ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಗೇ ಸುರೀಲಿಕ್ಕೆ ಹೊರಟವ್ರನ್ನ ತಡೆದು, ಬಕೆಟಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರೋ ತನಕ ಕಾದು, ಮೇಲಿನ ತಿಳಿನೀರು ಅಷ್ಟೇ ಬೇರೆ ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗಿಳಿಸಿ ಮೇಲೆ ಕೆಳಗೆ ಆಡ್ಸಿ ತೋರಿಸಿದ್ರಿ, ಒಂದು ತಾಸು ಯಾರೂ ಸೇದ್ಬೇಡಿ ಅಂದ್ರಿ. ಈಗ್ಲೂ ನಮ್ಮ ಕೇರಿಲಿ ಹಾಗೇ ಮಾಡೂದು.

ಕೆಸರು ಎತ್ಲಿಕ್ಕೆ ಹೋಗೋರಿಗೆ ಇಲಿಜ್ವರ ಬರದಂಗೆ ಡಾಕ್ಸಿಸೈಕ್ಲಿನ್ ಮಾತ್ರೆ, ವಾರಕ್ಕೊಮ್ಮೆ, ಊಟ ಆದ್ಮೇಲೆ, ಬಸುರಿಯರಿಗೆ ಸಣ್ಣ ಮಕ್ಳಿಗೆ ಬೇಡ ಅಂತ ಒಬ್ಬೊಬ್ರನ್ನೇ ವಿಚಾರಿಸಿ ಕೊಟ್ರಿ. ನಮ್ಮ ಚಿಕ್ಕಪ್ಪ ನುಂಗದೇ ಮೆಲ್ಲ ಕಿಸೆಗೆ ಹಾಕಿದ್ದೂ ನಿಮ್ಮ ಕಣ್ಣಿಗೆ ಬಿತ್ತಲ್ಲ ಮಾರಾಯ್ರೇ!

ಮಳೆಗಾಲಕ್ಕೆ ಮುಂಚೆ ಮೀಟಿಂಗ್ ಮಾಡಿ ಬೋಟು, ಹಗ್ಗ ಅಂತ ಲೆಕ್ಕ ಹಾಕ್ತಾರೆ, ಒಳ್ಳೇದೇ, ಆದ್ರೆ ಯಾರ ಮನೇಲಿ ಇನ್ಸುಲಿನ್, ಯಾರ ಮನೇಲಿ ತುಂಬು ಬಸುರಿ ಅನ್ನೋ ಲಿಸ್ಟೂ ಇರ್ಲಿ, ಅದನ್ನ ನಿಮ್ಮಂಥವ್ರ ಕೈಲೇ ಬರೆಸ್ಲಿ. ಆಯಿ ಆರಾಮಿದ್ದಾಳೆ ಅಕ್ಕ. ಈ ಕಡೆ ಬಂದ್ರೆ ಊಟಕ್ಕೇ ಬರಬೇಕಂತೆ.