ಕೆಟ್ಟಿದ್ದು ನಿಮ್ಮ ಮಷಿನ್, ದಂಡ ಕಟ್ಟಿದ್ದು ನಾನು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ವಿಶ್ವವಿದ್ಯಾಲಯ ಲೈಟ್ ರೈಲು ನಿಲ್ದಾಣದ ಕೆಟ್ಟ ಕಾರ್ಡ್ ಮಷಿನ್ ಮತ್ತು ನನಗೆ ಹಾಕಿದ ದಂಡ

ಮಾನ್ಯರೇ,

ಇದೇ ವಿಷಯಕ್ಕೆ ನಿಮ್ಮ ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ನಾಲ್ಕು ಸಲವೂ ‘ನೋಟ್ ಮಾಡ್ಕೊಂಡಿದ್ದೀವಿ ಮೇಡಂ’ ಅಂದರು. ದೂರಿನ ನಂಬರ್ ಮಾತ್ರ ಒಂದು ಸಲವೂ ಕೊಡಲಿಲ್ಲ.

ನಿಲ್ದಾಣದ 2ನೇ ಪ್ಲಾಟ್‌ಫಾರ್ಮಿನಲ್ಲಿ ರೈಲು ಹತ್ತುವ ಮುಂಚೆ ಕಾರ್ಡ್ ಹಿಡಿದು ಟಿಕೆಟ್ ಹಣ ಕಟ್ಟೋಕೆ ಇರುವುದು ಒಂದೇ ಮಷಿನ್. ಮೂರು ವಾರದಿಂದ ಅದರ ಪರದೆ ಕಪ್ಪಾಗಿದೆ. ಯಾರೋ ‘ಕೆಟ್ಟಿದೆ’ ಅಂತ ಬರೆದು ಕಾಗದ ಅಂಟಿಸಿದ್ದರು. ಮಳೆಗೆ ಕಾಗದ ಹೋಯಿತು, ಅಂಟು ಉಳಿದಿದೆ. ಮೆಟ್ರೋಗೆ ಇರುವ ಹಾಗೆ ಈ ಚಿಕ್ಕ ಲೈಟ್ ರೈಲಿಗೆ ಗೇಟ್ ಇಲ್ಲ. ಪ್ರಯಾಣಿಕರನ್ನು ನಂಬಿಯೇ ಎಲ್ಲ ನಡೆಯುತ್ತದೆ. ಆ ನಂಬಿಕೆ ಎರಡೂ ಕಡೆ ಇರಬೇಕು ಅಲ್ವಾ?

ಕಳೆದ ಗುರುವಾರ ಸಂಜೆ ಮೂರು ಸಲ ಕಾರ್ಡ್ ಹಿಡಿದೆ. ಬೀಪ್ ಬರಲಿಲ್ಲ. ರೈಲು ಬಂತು, ಹತ್ತಿದೆ. ಮುಂದಿನ ನಿಲ್ದಾಣದಲ್ಲಿ ನಿಮ್ಮ ತಪಾಸಣೆಯವರು ಹತ್ತಿದರು. ಕೈಯಲ್ಲಿದ್ದ ಸಾಧನಕ್ಕೆ ನನ್ನ ಕಾರ್ಡ್ ತಾಗಿಸಿ, ಇಡೀ ಬೋಗಿಗೆ ಕೇಳುವ ಹಾಗೆ, ‘ಏನಮ್ಮಾ, ಓದೋ ಹುಡುಗಿ ಅಲ್ವಾ ನೀನು? ಓಸಿಯಲ್ಲಿ ಹೋಗೋಕೆ ನಾಚಿಕೆ ಆಗಲ್ವಾ?’ ಅಂದರು.

‘ಸರ್, ಮಷಿನ್ ಕೆಟ್ಟಿದೆ’ ಅಂದೆ.

‘ಎಲ್ಲರೂ ಇದೇ ಕಥೆ ಹೇಳೋದು. ನಿನ್ನ ಕಾರ್ಡೇ ಸರಿಯಿಲ್ಲ.’

ವಾಪಸ್ ಹೋಗಿ ತೋರಿಸುತ್ತೇನೆ ಅಂದೆ. ‘ನಿನ್ನ ಹಿಂದೆ ಸುತ್ತೋಕೆ ಸಂಬಳ ಕೊಡಲ್ಲ’ ಅಂದರು. ಹೆಸರು ಎರಡು ಸಲ ಹೇಳಿಸಿದರು. ಕಾಲೇಜಿನ ರಿಜಿಸ್ಟರ್ ನಂಬರನ್ನು ಒಂದೊಂದೇ ಅಂಕಿ ಜೋರಾಗಿ ಓದುತ್ತಾ ಬರೆದುಕೊಂಡರು. ರೈಲು ಅಲುಗಾಡಿ ಪೆನ್ನು ಜಾರಿತು. ಆ ಚೀಟಿ ಹರಿದು, ಮತ್ತೆ ಮೊದಲಿಂದ ಕೇಳಿದರು. ಎದುರು ಸೀಟಿನಲ್ಲಿ ನಮ್ಮ ಲ್ಯಾಬ್ ಮೇಡಂ ಕೂತಿದ್ದರು. ಅವರು ಕಿಟಕಿ ಕಡೆ ಮುಖ ತಿರುಗಿಸಿದರು. ದಂಡಕ್ಕಿಂತ ಜಾಸ್ತಿ ನೋವಾಗಿದ್ದು ಅದು.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಈ ಕಾರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ. ಒಂದು ಚಿಪ್, ಅದಕ್ಕೆ ಸೇರಿದ ತಂತಿಯ ಸುರುಳಿ, ಅಷ್ಟೇ. ಮಷಿನ್ 13.56 ಮೆಗಾಹರ್ಟ್ಸ್‌ನಲ್ಲಿ ಹುಟ್ಟಿಸುವ ಕಾಂತಕ್ಷೇತ್ರದಿಂದಲೇ ಆ ಚಿಪ್‌ಗೆ ಕರೆಂಟ್ ಸಿಗುತ್ತದೆ. ಮಷಿನ್‌ಗೇ ಜೀವ ಇಲ್ಲದಿದ್ದರೆ ಕಾರ್ಡ್ ಏನು ಮಾಡೀತು? ನಿಮ್ಮವರ ಕೈಯಲ್ಲಿದ್ದ ಸಾಧನ ಅದೇ ಕಾರ್ಡನ್ನು ಒಂದೇ ಸಲಕ್ಕೆ ಓದಿತು. ಕಾರ್ಡಿನಲ್ಲಿ ಎಷ್ಟು ಹಣ ಉಳಿದಿದೆ ಅಂತಲೂ ತೋರಿಸಿತು. ಅದನ್ನು ನೋಡಿದ ಮೇಲೂ ಅವರು ಚೀಟಿ ಬರೆದರು.

ಮಷಿನ್ ಕೆಟ್ಟಾಗ ಏನು ಮಾಡಬೇಕು ಅಂತ ನಿಮ್ಮ ನಿಯಮದಲ್ಲೇ ಇದೆ, ನಾನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ನೋಡಿ. ಮೂರು ವಾರದಿಂದ ಆ ಮಷಿನ್‌ನಲ್ಲಿ ಒಂದು ಕಾರ್ಡೂ ದಾಖಲಾಗಿರುವುದಿಲ್ಲ. ಇಡೀ ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಕಳ್ಳರೇ?

ಸೋಮವಾರದೊಳಗೆ ದಂಡ ರದ್ದಾಗಬೇಕು. ಆ ತಪಾಸಣೆಯವರ ಕೈಯಿಂದ ಬರೆದ ಕ್ಷಮಾಪಣೆ ಬೇಕು. ಇಲ್ಲದಿದ್ದರೆ ಮಂಗಳವಾರದಿಂದ ದಿನಾ ಬೆಳಗ್ಗೆ ಸಂಜೆ ಆ ಮಷಿನ್ ಪಕ್ಕದಲ್ಲೇ ನಿಲ್ಲುತ್ತೇನೆ. ಬಂದವರೆಲ್ಲ ಕಾರ್ಡ್ ಹಿಡಿಯುವುದನ್ನು ವಿಡಿಯೋ ಮಾಡುತ್ತೇನೆ. ನನ್ನ ಹಾಗೆ ದಂಡ ಕಟ್ಟಿದ ಹನ್ನೊಂದು ಮಂದಿ ಆಗಲೇ ಚೀಟಿ ತಂದುಕೊಟ್ಟಿದ್ದಾರೆ. ಎಲ್ಲ ಸೇರಿಸಿ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇವೆ. ಆಮೇಲೆ ನೀವೇ ಫೋನ್ ಮಾಡಿದರೂ ನಾನು ಎತ್ತುವುದಿಲ್ಲ.

ಇತಿ,
ನೊಂದ ಪ್ರಯಾಣಿಕಳು
ಎಲೆಕ್ಟ್ರಾನಿಕ್ಸ್ ವಿಭಾಗ, ಅಂತಿಮ ವರ್ಷ