ಸಿನಕಾರದಲ್ಲಿ ನಿನಗೊಂದು ಸೈಟು

ಮಂಜ,

ಹೇಗಿದ್ದೀಯೋ? ಸಿನಕಾರ ಕಣಿವೆಯ ಕೊಯ್ಯುರ್ ರಿತಿ ಜಾತ್ರೆ ಮುಗಿಸಿ, ಬೆಟ್ಟ ಇಳಿದು ಪೆರುವಿನ ಕುಸ್ಕೋ ನಗರಕ್ಕೆ ಬಂದು ಎರಡು ದಿನವಾಯಿತು. ತುಟಿ ಒಡೆದು, ಖಾರ ಸೋಕಿದರೆ ಉರಿ.

ಆ ಕಡೆಯ ರೈತರು ಕ್ರೈಸ್ತರೋ, ಬೆಟ್ಟ ಪೂಜಿಸುವವರೋ ಅಂತ ಕೇಳಿದ್ದೆಯಲ್ಲ? ಜಾತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನು ನೋಡಿದ ಮೇಲೆ ಆ ಪ್ರಶ್ನೆ ಬಾಯಿಗೇ ಬರಲಿಲ್ಲ. ಮೂರು ಕೋಕಾ ಎಲೆ ಜೋಡಿಸಿ, ತುಟಿ ಹತ್ತಿರ ಹಿಡಿದು, ಮೆಲ್ಲಗೆ ಊದಿ ಔಸಂಗಾತೆ ಬೆಟ್ಟದ ಹೆಸರು ಹೇಳಿದಳು. ಅದೇ ಕೈಯಲ್ಲಿ ಶಿಲುಬೆ ಗುರುತು ಮಾಡಿಕೊಂಡಳು. ಎಲೆ ಬಾಯಿಗೆ ಹಾಕಿಕೊಂಡಳು. ಅಷ್ಟೇ.

ಕೊಯ್ಯುರ್ ರಿತಿ ಜಾತ್ರೆ ಈಸ್ಟರ್ ಆಗಿ 58ನೇ ದಿನಕ್ಕೆ ಶುರು. ಮಹುವಯಾನಿ ಅನ್ನೋ ಊರಿಂದ ಸುಮಾರು 8 ಕಿ.ಮೀ. ಏರು. ಗುಡಿಯೊಳಗೆ ಒಂದು ಬಂಡೆ, ಅದರ ಮೇಲೆ ಏಸುವಿನ ಚಿತ್ರ. 1780ರ ಸುಮಾರಿಗೆ ಮಂದೆ ಕಾಯುವ ಹುಡುಗನೊಬ್ಬನಿಗೆ ಇಲ್ಲಿ ಗೆಳೆಯನಾಗಿ ಸಿಕ್ಕವನು ಏಸುವೇ ಅಂತೆ. ಆ ಹುಡುಗನನ್ನು ಹೂತಿದ್ದು ಇದೇ ಬಂಡೆಯ ಕೆಳಗೆ ಅನ್ನುತ್ತಾರೆ. ಏಸುವನ್ನು ಕರೆಯುವುದು 'ತಾಯ್ತಾಚಾ' ಅಂತ. ಅಪ್ಪಯ್ಯ ಅಂದ ಹಾಗೆ.

ನಾನು ಜಾಸ್ತಿ ಹೊತ್ತು ಕಳೆದಿದ್ದು ಮಾತ್ರ ಹೊರಗೆ, ಇಳಿಜಾರಿನಲ್ಲಿ. ಅಲ್ಲಿ ದೊಡ್ಡವರೆಲ್ಲ ಮನೆಯಾಟ ಆಡುತ್ತಾರೆ ಕಣೋ! ಕಲ್ಲು ಪೇರಿಸಿ ಗೋಡೆ, ದೊಡ್ಡಿ. ಉರುಟು ಕಲ್ಲುಗಳೇ ಲಾಮಾ, ಅಂದರೆ ಇಲ್ಲಿನವರು ಸಾಕುವ ಪ್ರಾಣಿ. ಒಬ್ಬ ಗಂಡ ಹೆಂಡತಿ ಸೈಟು ಕೊಳ್ಳುತ್ತಿದ್ದರು. ಒಬ್ಬ ಎಂಜಿನಿಯರ್ ವೇಷ ಹಾಕಿ ಹಗ್ಗ ಹಿಡಿದು ಅಳತೆ ಮಾಡಿದ. ಆಟದ ನೋಟು ಎಣಿಸುವಾಗ ಹೆಂಗಸು ಗಂಭೀರವಾಗಿ ಕೇಳಿದಳು: "ನೀರು ಬರುತ್ತಾ?" ಯಾರೂ ನಗಲಿಲ್ಲ. ತಾಯ್ತಾಚಾನ ಎದುರು ಹೀಗೆ ಆಡಿದ್ದು ನಿಜವಾಗುತ್ತೆ ಅನ್ನೋ ನಂಬಿಕೆ. ಸುಮ್ನೆ ಕೈಮುಗಿದು 'ಮನೆ ಕೊಡಪ್ಪಾ' ಅನ್ನುವುದಕ್ಕಿಂತ ನನಗೆ ಇದೇ ಹಿಡಿಸಿತು.

ರಾತ್ರಿ ಉಕುಕುಗಳು ಹಿಮದ ಕಡೆ ಹೊರಟರು. ಕರಡಿ ವೇಷ, ಹೆಣೆದ ಮುಖವಾಡ, ಕೈಯಲ್ಲಿ ಚಾಟಿ, ಕೀಚಲು ದನಿ. ಜಾತ್ರೆಯ ಪೊಲೀಸರೂ ಅವರೇ, ಕೋಡಂಗಿಗಳೂ ಅವರೇ. ಹಿಂದೆಲ್ಲ ಮಂಜುಗಡ್ಡೆ ಕಡಿದು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಕರಗಿದ ನೀರು ಔಷಧಿ. ಹಿಮ ಹಿಂದೆ ಸರಿಯುತ್ತಿದೆ ಅಂತ ಅದನ್ನು ನಿಲ್ಲಿಸಿದ್ದಾರೆ. ಬೆಳಗ್ಗೆ ಶಿಲುಬೆ ಹೊತ್ತು ಇಳಿದರು. ಮಂಜುಗಡ್ಡೆ ಇರಲಿಲ್ಲ. ನನಗ್ಯಾಕೋ ಹೊಟ್ಟೆ ಕಿವುಚಿದಂತಾಯಿತು.

ಅಂದ ಹಾಗೆ, ನಿನ್ನ ಹೆಸರಲ್ಲೂ ಒಂದು ಮನೆ ಕಟ್ಟಿ ಬಂದಿದ್ದೇನೆ. ಎರಡು ರೂಮು, ಪೂರ್ವಕ್ಕೆ ಬಾಗಿಲು, ಹಿತ್ತಲಲ್ಲಿ ಎರಡು ಲಾಮಾ. ನಿನ್ನ ಸೈಟಿನ ತಕರಾರು ಎಲ್ಲಿಗೆ ಬಂತು, ಬರಿ.

ನಿನ್ನ,
ರವಿ