ಗೇಟಿನವರೆಗೆ 14 ತಿಂಗಳು

ನಿನ್ನೆ ಸಂಜೆ ಅಮ್ಮ ಮನೆ ಬಾಗಿಲಿನಿಂದ ಗೇಟಿನವರೆಗೆ ನಡೆದಳು. ಕೈಯಲ್ಲಿ ಕೋಲು ಇತ್ತು, ಅಷ್ಟೇ. ಯಾರನ್ನೂ ಹಿಡಿದುಕೊಳ್ಳಲಿಲ್ಲ. ನಾನು ಹಿಂದೆ ನಿಂತು ಎಣಿಸಿದೆ, 22 ಹೆಜ್ಜೆ. ಗೇಟು ಮುಟ್ಟಿ, ತಿರುಗಿ ನನ್ನನ್ನು ನೋಡಿ, "ಏನು ನೋಡ್ತೀಯ, ಒಳಗೆ ಹೋಗು" ಅಂದಳು. ಮಾತು ಸ್ವಲ್ಪ ತೊದಲಿತು. ಬೈಗುಳ ಮಾತ್ರ ಹಳೆಯದೇ.

14 ತಿಂಗಳಿಂದ ಫೋನ್ ಮಾಡಿದವರು, ಮೆಸೇಜ್ ಹಾಕಿದವರು, ಮನೆಗೆ ಬಂದು ಕೂತವರು ಎಷ್ಟೋ ಜನ. ಒಬ್ಬರಿಗೂ ಸರಿಯಾಗಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅಮ್ಮನಿಗೆ ಸ್ಟ್ರೋಕ್ ಆಗಿತ್ತು. ಪೆಟ್ಟು ಬಿದ್ದಿದ್ದು ಮೆದುಳಿನ ಎಡಭಾಗಕ್ಕೆ. ಹಾಗಾಗಿ ಬಲಗೈ, ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ನಾನು ಆಗ 11 ವರ್ಷದಿಂದ ಯೋಗದ ಕ್ಲಾಸಿಗೆ ಹೋಗುತ್ತಿದ್ದವಳು. ಶೀರ್ಷಾಸನ ಹಾಕುತ್ತೇನೆ ಅಂತ ಒಳಗೊಳಗೇ ಜಂಭವೂ ಇತ್ತು. ಅಮ್ಮ ಬಿದ್ದ ಮೇಲೆ ಐದು ತಿಂಗಳು ಒಂದೇ ಒಂದು ಆಸನ ಹಾಕಲಿಲ್ಲ. ಮ್ಯಾಟ್ ಬಿಚ್ಚಿದ್ದು ಒಮ್ಮೆ ಮಾತ್ರ, ಅಮ್ಮನ ಕಾಲು ಜಾರದಿರಲಿ ಅಂತ ಮಂಚದ ಪಕ್ಕ ಹಾಸೋಕೆ. ಫಿಸಿಯೋ ಬಂದ ಮೊದಲ ದಿನವೇ ಅದನ್ನೂ ತೆಗೆಸಿದರು. ಅಂಚು ಕಾಲಿಗೆ ಸಿಕ್ಕಿ ಬೀಳ್ತಾರೆ, ಮೊದಲು ಸುತ್ತಿಡಿ ಅಂದರು.

ಆ ಫಿಸಿಯೋಗೆ ಮೊದಲ ಧನ್ಯವಾದ. ಮಂಚದಿಂದ ಕುರ್ಚಿಗೆ ಅಮ್ಮನನ್ನು ಹೇಗೆ ಎತ್ತಿ ಕೂರಿಸಬೇಕು ಅಂತ ಕಲಿಸಿದವರು ಅವರು. ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ಕಾಲು ಅಗಲಿಸಿ ನಿಲ್ಲಬೇಕು. ಅಮ್ಮನನ್ನು ಮೈಗೆ ಹತ್ತಿರ ಹಿಡಿದುಕೊಂಡು, ಅವಳ ಸೋತ ಮಂಡಿಗೆ ನನ್ನ ಮಂಡಿ ಆನಿಸಿಕೊಂಡು, ಉಸಿರು ಬಿಡುತ್ತಾ ಏಳಬೇಕು. ನಾನು ನಡುಗಿದರೆ ಅವಳೂ ನಡುಗುತ್ತಿದ್ದಳು. "ಸ್ಥಿರಸುಖಮಾಸನಮ್", ಅಂದರೆ ಆಸನ ಸ್ಥಿರವಾಗಿ, ಸುಖವಾಗಿ ಇರಬೇಕು ಅನ್ನೋ ಯೋಗಸೂತ್ರವನ್ನು 11 ವರ್ಷ ಬಾಯಲ್ಲಿ ಹೇಳಿದ್ದೆ. ಇನ್ನೊಬ್ಬರ ಭಾರ ಮೈಮೇಲಿದ್ದಾಗ ಸ್ಥಿರವಾಗಿ, ಬಿಗಿ ಬಿಟ್ಟು ನಿಲ್ಲೋದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಆಮೇಲೆ.

ನಮ್ಮ ಯೋಗದ ಮೇಷ್ಟ್ರು ಶನಿವಾರ ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಪತಂಜಲಿಯ ಯೋಗಸೂತ್ರಗಳ ಪಾಠ ಮಾಡುತ್ತಿದ್ದರು. ಒಟ್ಟು 195 ಸೂತ್ರ, ಕೆಲವರು 196 ಅಂತ ಎಣಿಸುತ್ತಾರೆ, ಅದರಲ್ಲಿ ಆಸನದ ಬಗ್ಗೆ ನೇರವಾಗಿ ಇರೋದು ಮೂರೇ ಮೂರು, ಉಳಿದದ್ದಕ್ಕೂ ಸ್ವಲ್ಪ ಎಚ್ಚರವಾಗಿರಿ ಅನ್ನುತ್ತಿದ್ದರು. ನಾನು ತೂಕಡಿಸುತ್ತಿದ್ದೆ. ಆದರೂ ಒಂದು ನೋಟ್‌ಬುಕ್ ಇತ್ತು. ರಾತ್ರಿ ಅಮ್ಮ ಮಲಗಿ ನನಗೆ ನಿದ್ದೆ ಬಾರದಿದ್ದಾಗ ಅದನ್ನು ತೆಗೆದೆ. ಕಷ್ಟದ ಸಂಸ್ಕೃತ ಪದಕ್ಕೆಲ್ಲ ಅರ್ಥ ಬರೆದುಕೊಂಡಿದ್ದೆ. ಸಂತೋಷ, ಉಪೇಕ್ಷೆ, ಸತ್ಕಾರ ಇಂಥವಕ್ಕೆ ಏನೂ ಬರೆದಿರಲಿಲ್ಲ. ಗೊತ್ತಿರೋ ಕನ್ನಡ ಪದಾನೇ ಅಲ್ವಾ ಅಂತ ಬಿಟ್ಟಿದ್ದೆ.

ರಾತ್ರಿ ಒಂದು ಗಂಟೆಗೆ, ಎರಡು ಗಂಟೆಗೆ ಮೇಷ್ಟ್ರಿಗೆ ಮೆಸೇಜ್ ಹಾಕುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಉತ್ತರ ಬಂದಿರುತ್ತಿತ್ತು. ಸಂತೋಷ ಒಂದು ನಿಯಮ ಅಂತೀರಲ್ಲ ಸಾರ್, ಈ ಮನೆಯಲ್ಲಿ ಹೇಗೆ ಸಂತೋಷವಾಗಿರೋದು ಅಂತ ಸಿಟ್ಟಿನಲ್ಲೇ ಕೇಳಿದ್ದೆ. ಖುಷಿಯಾಗಿರು ಅಂತ ಅಲ್ಲಮ್ಮ, ಕೈಗೆ ಹತ್ತಿರ ಇರುವ ಸಾಧನಕ್ಕಿಂತ ಹೆಚ್ಚಿನದನ್ನು ಬಯಸದಿರೋದು ಅಂತ ವ್ಯಾಸಭಾಷ್ಯದಲ್ಲಿದೆ, ಅದು ಸೂತ್ರಗಳಿಗೆ ಬರೆದ ಹಳೆಯ ವಿವರಣೆ ಅಂದರು. ಅದು ನನಗೆ ಪೂರ್ತಿ ಹಿಡಿಸಲಿಲ್ಲ. ಈಗಲೂ ಹಿಡಿಸಿಲ್ಲ. ಅಮ್ಮನ ಮಾತು ವಾಪಸ್ ಬರಲಿ ಅಂತ ಬಯಸದೆ ಇರೋಕಾಗುತ್ತಾ? ಆದರೆ ದಿನದ ಕೆಲಸಕ್ಕೆ ಅದು ಉಪಯೋಗಕ್ಕೆ ಬಂತು. ಇವತ್ತು ಇರೋದು ಎಡಗೈ. ಸರಿ, ಇವತ್ತಿನ ಕೆಲಸ ಎಡಗೈಯಲ್ಲಿ.

ಉಪೇಕ್ಷೆಯ ಕಥೆ ಸ್ವಲ್ಪ ದೊಡ್ಡದು. ಸುಖದಲ್ಲಿರುವವರ ಜೊತೆ ಸ್ನೇಹ, ದುಃಖದಲ್ಲಿರುವವರ ಮೇಲೆ ಕರುಣೆ, ಒಳ್ಳೆಯದು ಮಾಡುವವರನ್ನು ಕಂಡರೆ ಹಿಗ್ಗು, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ, ಹೀಗಿದ್ದರೆ ಮನಸ್ಸು ತಿಳಿಯಾಗುತ್ತೆ ಅಂತ ಮೊದಲ ಪಾದದ, ಅಂದರೆ ಮೊದಲ ಅಧ್ಯಾಯದ, 33ನೇ ಸೂತ್ರ. ನೋಡಲು ಬಂದ ನೆಂಟರೊಬ್ಬರು ಅಮ್ಮನ ಎದುರಿಗೇ, "ಪಾಪ, ಹೀಗಿರೋದಕ್ಕಿಂತ..." ಅಂತ ಅರ್ಧಕ್ಕೆ ನಿಲ್ಲಿಸಿದರು. ಅಮ್ಮನಿಗೆ ಮಾತು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ನಾನು ಅವರ ಫೋನ್ ಎತ್ತೋದನ್ನೇ ಬಿಟ್ಟೆ. ಇದೇ ಉಪೇಕ್ಷೆ ಅಂದುಕೊಂಡೆ, ನಮ್ಮ ಮಾತಿನಲ್ಲಿ ಉಪೇಕ್ಷೆ ಅಂದರೆ ಕಡೆಗಣಿಸೋದು ತಾನೇ. ಆದರೆ ಪಾತ್ರೆ ತೊಳೆಯುವಾಗ, ಹಾಸಿಗೆ ಬಟ್ಟೆ ಬದಲಿಸುವಾಗ, ಸ್ನಾನ ಮಾಡುವಾಗ, ಅವರಿಗೆ ಏನು ತಿರುಗಿಸಿ ಹೇಳಬೇಕಿತ್ತು ಅಂತ ಮನಸ್ಸಿನಲ್ಲೇ ಡೈಲಾಗ್ ಬರೆಯುತ್ತಿದ್ದೆ. ಆ ಮನುಷ್ಯ ಬಂದುಹೋಗಿದ್ದು ಹತ್ತು ನಿಮಿಷ. ನನ್ನ ತಲೆಯಲ್ಲಿ ಮೂರು ವಾರ ಬಾಡಿಗೆ ಇಲ್ಲದೆ ಇದ್ದರು.

ಮೇಷ್ಟ್ರು ಪದ ಬಿಡಿಸಿ ಬರೆದರು. ಉಪ ಅಂದರೆ ಹತ್ತಿರ, ಈಕ್ಷ ಅಂದರೆ ನೋಡೋದು. ಹತ್ತಿರದಿಂದ ನೋಡು, ಕೈ ಹಾಕಬೇಡ. ನೋಡಿದರೆ, ಅವರಿಗೂ ವಯಸ್ಸಾಗಿತ್ತು, ಅಮ್ಮನನ್ನು ನೋಡಿ ಹೆದರಿದ್ದರು. ಅಷ್ಟು ಕಂಡ ಮೇಲೆ ಡೈಲಾಗ್ ಬರೆಯೋದು ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಆಮೇಲೆ ಅದೇ ಮನುಷ್ಯ ಎರಡು ರಾತ್ರಿ ಅಮ್ಮನ ಪಕ್ಕ ಎಚ್ಚರವಾಗಿ ಕೂತರು, ನಾನು ಮಲಗಲಿ ಅಂತ. ಅವರಿಗೂ ಧನ್ಯವಾದ. ಅವರ ಆ ಮಾತನ್ನು ಇನ್ನೂ ಮರೆತಿಲ್ಲ, ಅದೂ ನಿಜ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಒಂದು ರಾತ್ರಿ ಮೂರನೇ ಸಲ ಹಾಸಿಗೆ ಒದ್ದೆಯಾದಾಗ ನಾನು ಅಮ್ಮನ ಮೇಲೆ ಕೂಗಾಡಿದೆ. ಜೋರಾಗಿಯೇ. ಅದಾಗಿ ಕೆಲವು ದಿನಕ್ಕೆ, ಆಗ ನೋಡಿಕೊಳ್ಳಲು ಬರುತ್ತಿದ್ದವರು ಏನೋ ಚೆಲ್ಲಿತು ಅಂತ ಅವಳನ್ನು ಗದರಿದರು. ನಾನು ಪಕ್ಕದ ರೂಮಿನಲ್ಲಿ ಆಫೀಸಿನ ಕಾಲ್‌ನಲ್ಲಿದ್ದೆ. ಕೇಳಿಸಿತು. ಎದ್ದು ಹೋಗಲಿಲ್ಲ. ಹಿಂಸೆಯಲ್ಲಿ ಮೂರು ಬಗೆ ಅಂತ ನೋಟ್‌ಬುಕ್‌ನಲ್ಲಿತ್ತು: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು. ಅನುಮೋದನೆ ಅಂದರೆ ನನಗೆ ಆಫೀಸಿನ ಪದ, ಫೈಲಿಗೆ ಸಹಿ ಹಾಕೋದು. ಆವತ್ತು ನಾನು ಸುಮ್ನೆ ಕೂತು ಸಹಿ ಹಾಕಿದ್ದೆ.

ಸಂಜೆ ಅಮ್ಮನ ಹತ್ತಿರ ಕೂತು ತಪ್ಪಾಯಿತು ಅಂದೆ. ಅವಳು ಏನೂ ಹೇಳುವ ಹಾಗಿರಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಎಡಗೈಯಿಂದ ಬಾಚಣಿಗೆಯನ್ನು ನನ್ನ ಕಡೆ ತಳ್ಳಿದಳು. ತಲೆ ಬಾಚಿದೆ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಸಿಟ್ಟು ಬಂದಾಗ ಬಾಯಿ ತೆರೆಯುವ ಮೊದಲು ಒಂದು ಉದ್ದದ ಉಸಿರು ಹೊರಗೆ ಬಿಡೋದು. ಪ್ರಾಣಾಯಾಮ ಅಂತ ದೊಡ್ಡ ಹೆಸರೆಲ್ಲ ಬೇಡ. ಹತ್ತರಲ್ಲಿ ಆರು ಸಲ ಆಗುತ್ತೆ. ಉಳಿದ ನಾಲ್ಕು ಸಲ ಕೂಗುತ್ತೇನೆ, ಆಮೇಲೆ ತಪ್ಪಾಯಿತು ಅನ್ನುತ್ತೇನೆ.

ಭಾನುವಾರ ಪೂರ್ತಿ ಅಮ್ಮನ ಜೊತೆ ಇದ್ದು ನನ್ನನ್ನು ಮನೆಯಿಂದ ಹೊರಗೆ ದಬ್ಬಿದ ತಮ್ಮನಿಗೆ, ನನ್ನ ಮೀಟಿಂಗ್‌ಗಳನ್ನು ಅಮ್ಮನ ಊಟದ ಹೊತ್ತು ತಪ್ಪಿಸಿ ಇಟ್ಟ ಆಫೀಸಿನ ಗೆಳೆಯರಿಗೆ, ಏನಾಯ್ತು ಹೇಗಿದ್ದಾರೆ ಅಂತ ಕೇಳದೆ ಬಂದು ಬಟ್ಟೆ ಮಡಚಿಟ್ಟು ಹೋಗುತ್ತಿದ್ದ ಪಕ್ಕದ ಮನೆ ಅಕ್ಕನಿಗೆ, ಆಮೇಲೆ ಬಂದು ಈಗಲೂ ನಮ್ಮ ಜೊತೆ ಇರುವ, ಅಮ್ಮನ ಜೊತೆ ಜಗಳವಾಡುತ್ತಲೇ ಮಾತು ಕಲಿಸಿದ ಹುಡುಗಿಗೆ, ನಿಮ್ಮ ಋಣ ದೊಡ್ಡದು.

ಕೊನೆಗೆ ಅಮ್ಮನಿಗೆ. ಬಲಗೈ ಬೆರಳಿಗೆ ಫಿಸಿಯೋ ಒಂದು ಕೆಲಸ ಕೊಟ್ಟಿದ್ದರು. ಒಂದು ಬಟ್ಟಲಲ್ಲಿರುವ ಅಂಗಿ ಗುಂಡಿಗಳನ್ನು ಒಂದೊಂದಾಗಿ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕೋದು. ಮೊದಲ ತಿಂಗಳು ಅರ್ಧ ಗಂಟೆಗೆ ಎರಡು ಗುಂಡಿ. ನನಗೆ ನೋಡಿ ನೋಡಿ ಬೇಜಾರಾಗುತ್ತಿತ್ತು. ಅಭ್ಯಾಸ ಗಟ್ಟಿಯಾಗಬೇಕಾದರೆ ದೀರ್ಘಕಾಲ, ನೈರಂತರ್ಯ, ಸತ್ಕಾರ ಈ ಮೂರೂ ಬೇಕು ಅಂತ ಸೂತ್ರ ಹೇಳುತ್ತೆ. ಮೊದಲ ಎರಡು ನನಗೆ ಗೊತ್ತಿತ್ತು. ಸತ್ಕಾರ ಯಾಕೆ ಇಲ್ಲಿ ಬಂತು ಅಂತ ಯಾವತ್ತೂ ಕೇಳಿಕೊಂಡಿರಲಿಲ್ಲ, ಸತ್ಕಾರ ಮಾಡೋದು ಅತಿಥಿಗಳಿಗೆ ಅಲ್ವಾ. ಅಮ್ಮ ಒಂದು ದಿನವೂ ತಲೆ ಬಾಚಿಸಿಕೊಳ್ಳದೆ ಆ ಗುಂಡಿಗಳ ಮುಂದೆ ಕೂರಲಿಲ್ಲ. ಜ್ವರ ಬಂದ ದಿನವೂ ಅಷ್ಟೇ. ಯಾರೋ ಮನೆಗೆ ಬರುತ್ತಾರೆ ಅನ್ನೋ ಹಾಗೆ ಬಾಚಣಿಗೆ ತೋರಿಸಿ, ಸೀರೆ ಸರಿಮಾಡಿಸಿಕೊಂಡು, ಆಮೇಲೆ ಬಟ್ಟಲಿಗೆ ಕೈ ಹಾಕುತ್ತಿದ್ದಳು. ಪತಂಜಲಿಯ ಹೆಸರು ಹೇಳಿದರೆ ಅವಳು ನನಗೆ ಕೆಲಸವಿಲ್ಲ ಅನ್ನುತ್ತಾಳೆ.

ಈಗ ಬಟ್ಟಲಿನಲ್ಲಿರೋ 30 ಗುಂಡಿಯೂ ದಾಟುತ್ತವೆ. ಭುಜ ಮಾತ್ರ ಇನ್ನೂ ಮೇಲೆ ಏಳುತ್ತಿಲ್ಲ. ಇವತ್ತು ಬೆಳಿಗ್ಗೆ ಬಾಚಣಿಗೆಯನ್ನು ಬಲಗೈಗೆ ಕೊಟ್ಟು ನೋಡಿದೆ. ಕಿವಿಯ ತನಕ ಹೋಗಿ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. "ನಾಳೆ" ಅಂದಳು, ತಲೆಯನ್ನು ನನ್ನ ಕಡೆ ಒಡ್ಡಿದಳು.